ಧೂಳು, ಬೀಜಕ ಮತ್ತು ಕಣಿವೆ ಜ್ವರ: ಬಿರುಗಾಳಿಯ ಪಾತ್ರದ ಮರುಪರಿಶೀಲನೆ

1977ರ ಡಿಸೆಂಬರ್ 20ರಂದು ಕ್ಯಾಲಿಫೋರ್ನಿಯಾದ ಟೆಹಾಚಾಪಿ ಬೆಟ್ಟಗಳಿಂದ ಇಳಿದ ಬಿರುಗಾಳಿ ಬೇಕರ್ಸ್‌ಫೀಲ್ಡ್ ಸುತ್ತಲಿನ ಮೇಲ್ಮಣ್ಣನ್ನು ಕೆರೆದೆತ್ತಿ ಉತ್ತರಕ್ಕೆ ಹೊತ್ತೊಯ್ದಿತು. ಬರದಿಂದ ನೆಲ ಮೊದಲೇ ಹುಡಿಯಾಗಿತ್ತು. ನೂರಾರು ಕಿಲೋಮೀಟರ್ ದೂರದ ಸ್ಯಾಕ್ರಮೆಂಟೊವರೆಗೂ ಆ ಧೂಳು ಕವಿಯಿತು. ವರ್ಷಕ್ಕೆ ಬೆರಳೆಣಿಕೆಯ ಕಣಿವೆ ಜ್ವರದ ರೋಗಿಗಳಷ್ಟೇ ಕಾಣಿಸುತ್ತಿದ್ದ ಸ್ಯಾಕ್ರಮೆಂಟೊ ಕೌಂಟಿಯಲ್ಲಿ 1978ರ ಮೊದಲ ಕೆಲವು ತಿಂಗಳಲ್ಲೇ ಸಂಖ್ಯೆ ನೂರು ದಾಟಿತು. ಮರುಭೂಮಿಯ ಧೂಳಿಗೂ ಈ ಶಿಲೀಂಧ್ರ ರೋಗಕ್ಕೂ ಇರುವ ನಂಟಿಗೆ ಇಷ್ಟು ನೇರವಾದ ಸಾಕ್ಷ್ಯ ಅಪರೂಪ. ಹಾಗೆಂದು ಎದ್ದ ಪ್ರತಿಯೊಂದು ಬಿರುಗಾಳಿಯನ್ನೂ ರೋಗದ ಮುನ್ಸೂಚನೆಯೆಂದು ಓದುವುದು ಸರಿಯಲ್ಲ. ಧೂಳು ಎಷ್ಟು ಎದ್ದಿತು ಎನ್ನುವುದಕ್ಕಿಂತ ಯಾವ ನೆಲದಿಂದ, ಯಾವ ಮಳೆಯ ನಂತರ ಎದ್ದಿತು ಎಂಬುದೇ ಮುಖ್ಯ ಎನ್ನುವುದು ಈ ಲೇಖನದ ವಾದ.

ರೋಗಕ್ಕೆ ಕಾರಣವಾದ ಕಾಕ್ಸಿಡಿಯಾಯ್ಡಿಸ್ ಶಿಲೀಂಧ್ರದಲ್ಲಿ ಎರಡು ಪ್ರಭೇದಗಳಿವೆ. ಇಮ್ಮಿಟಿಸ್ ಮುಖ್ಯವಾಗಿ ಕ್ಯಾಲಿಫೋರ್ನಿಯಾದ್ದು. ಪೊಸಾಡಾಸಿಯ ನೆಲೆ ಅರಿಜೋನಾ, ಟೆಕ್ಸಸ್, ಮೆಕ್ಸಿಕೊ ಹಾಗೂ ದಕ್ಷಿಣ ಅಮೆರಿಕದ ಒಣನಾಡುಗಳು. ಎರಡನೆಯದರ ಹೆಸರಿನಲ್ಲಿ ಅಲೆಹಾಂದ್ರೊ ಪೊಸಾಡಾಸ್ ಅವರ ನೆನಪಿದೆ. 1892ರಲ್ಲಿ, ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ, ಅವರು ಬ್ಯೂನಸ್ ಐರಿಸ್‌ನಲ್ಲಿ ಸೈನಿಕನೊಬ್ಬನ ಚರ್ಮದ ಗಂಟುಗಳಲ್ಲಿ ಈ ಜೀವಿಯನ್ನು ಕಂಡು ವರ್ಣಿಸಿದರು. ಮೊದಮೊದಲು ಇದನ್ನು ಏಕಕೋಶ ಪರಾವಲಂಬಿಯೆಂದೇ ಭಾವಿಸಲಾಗಿತ್ತು. ಇದು ಶಿಲೀಂಧ್ರವೆಂದು 1900ರಲ್ಲಿ ತೋರಿಸಿದವರು ಓಫುಲ್ಸ್ ಮತ್ತು ಮಾಫಿಟ್.

ಈ ಜೀವಿಯ ಬದುಕಿನ ಕ್ರಮವನ್ನು ಹತ್ತಿರದಿಂದ ನೋಡಿದರೆ ಗಾಳಿಯ ಪಾತ್ರ ತಿಳಿಯಾಗುತ್ತದೆ. ಮಳೆ ಬಿದ್ದು ತೇವ ಉಳಿದಾಗ ಶಿಲೀಂಧ್ರದ ಎಳೆಗಳು ಮಣ್ಣೊಳಗೆ ಹಬ್ಬುತ್ತವೆ. ನೆಲ ಒಣಗಿದಂತೆ ಎಳೆಯ ಕೋಶಗಳಲ್ಲಿ ಒಂದು ಬಿಟ್ಟು ಒಂದು ಸಾಯುತ್ತದೆ. ನಡುವೆ ಉಳಿದ ಗಟ್ಟಿ ಕೋಶಗಳು ಪೀಪಾಯಿ ಆಕಾರ ತಾಳುತ್ತವೆ. ಸತ್ತ ಕೋಶದ ಟೊಳ್ಳು ಗೋಡೆ ಸ್ವಲ್ಪ ಅಲುಗಿದರೂ ಮುರಿದು ಅವು ಬಿಡಿಬಿಡಿಯಾಗುತ್ತವೆ. ಈ ಬಿಡಿ ಕೋಶಗಳೇ ಬೀಜಕಗಳು; ಒಂದೊಂದರ ಗಾತ್ರ ಸುಮಾರು 2ರಿಂದ 5 ಮೈಕ್ರಾನ್. ಗಾಳಿಯಲ್ಲಿ ಬಹುಕಾಲ ತೇಲಲು, ಶ್ವಾಸಕೋಶದ ಆಳಕ್ಕೆ ಇಳಿಯಲು ಈ ಗಾತ್ರ ಹೇಳಿಮಾಡಿಸಿದ್ದು. ದೇಹದ ಒಳಗೆ ಬೀಜಕ ಊದಿ ಗೋಳವಾಗುತ್ತದೆ, ಗೋಳ ಒಡೆದು ನೂರಾರು ಮರಿಕೋಶಗಳು ಹೊರಬರುತ್ತವೆ. ಸೋಂಕಿತರಲ್ಲಿ ಸುಮಾರು ನೂರಕ್ಕೆ ಅರವತ್ತು ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲ. ಉಳಿದವರಿಗೆ ಒಂದರಿಂದ ಮೂರು ವಾರದೊಳಗೆ ಜ್ವರ, ಕೆಮ್ಮು, ಎದೆನೋವು, ವಿಪರೀತ ದಣಿವು ಕಾಣಿಸುತ್ತದೆ. ನೂರಕ್ಕೆ ಒಬ್ಬರಷ್ಟು ಮಂದಿಯಲ್ಲಿ ಸೋಂಕು ಮೂಳೆ, ಚರ್ಮ, ಮಿದುಳಿನ ಪೊರೆಗೆ ಹರಡಬಹುದು. ಕಣಿವೆ ಜ್ವರ ಕೆಮ್ಮಿನಿಂದ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ಯಾನ್ ವಾಕಿನ್ ಕಣಿವೆಯ ಸೇನಾ ವಿಮಾನ ನೆಲೆಗಳಲ್ಲಿ ಚಾರ್ಲ್ಸ್ ಸ್ಮಿತ್ ನಡೆಸಿದ ಅಧ್ಯಯನ ನನ್ನ ದೃಷ್ಟಿಯಲ್ಲಿ ಅತ್ಯಂತ ಮೌಲಿಕ. ಅವರ ಸಲಹೆಯಂತೆ ಬರಿನೆಲದ ಮೇಲೆ ಹುಲ್ಲು ಬೆಳೆಸಿದರು, ದಾರಿಗಳನ್ನು ಗಟ್ಟಿಮಾಡಿದರು, ಧೂಳೇಳದಂತೆ ಎಣ್ಣೆ ಸಿಂಪಡಿಸಿದರು. ಸೋಂಕಿನ ಪ್ರಮಾಣ ಗಣನೀಯವಾಗಿ ತಗ್ಗಿತು. ಕಾಲ ಕೆಳಗಿನ, ಕೈಗೆಟಕುವ ಧೂಳನ್ನು ತಡೆದು ರೋಗ ತಗ್ಗಿಸಬಹುದೆಂದು ಇದರಿಂದ ಸಿದ್ಧವಾಯಿತು. 1994ರ ಜನವರಿಯ ನಾರ್ತ್‌ರಿಜ್ ಭೂಕಂಪ ಇನ್ನೊಂದು ಬದಿಯಿಂದ ಇದನ್ನೇ ಹೇಳುತ್ತದೆ. ಅಲ್ಲಿ ಬಿರುಗಾಳಿ ಬೀಸಲಿಲ್ಲ. ಗುಡ್ಡ ಕುಸಿದು ಎದ್ದ ಧೂಳು ಕಣಿವೆಗಳಲ್ಲಿ ಹರಡಿ, ವೆಂಚುರಾ ಕೌಂಟಿಯಲ್ಲಿ 203 ಮಂದಿಗೆ ರೋಗ ಬಂತು, ಮೂವರು ಸತ್ತರು.

ಹಾಗಾದರೆ ಅರಿಜೋನಾದ ಹಬೂಬ್ ಎಂಬ ಧೂಳು ಬಿರುಗಾಳಿಗಳ ಕಥೆಯೇನು? 2011ರ ಜುಲೈ 5ರಂದು ಫೀನಿಕ್ಸ್ ನಗರವನ್ನು ನುಂಗಿದ ಧೂಳಿನ ಗೋಡೆ ಒಂದು ಕಿಲೋಮೀಟರಿಗೂ ಎತ್ತರವಿತ್ತು. ನೈಋತ್ಯ ಅಮೆರಿಕದಲ್ಲಿ ಧೂಳು ಬಿರುಗಾಳಿಗಳೂ ಕಣಿವೆ ಜ್ವರವೂ ಒಟ್ಟೊಟ್ಟಿಗೆ ಏರಿವೆ ಎಂದು 2017ರಲ್ಲಿ ಡೇನಿಯಲ್ ಟಾಂಗ್ ಮತ್ತು ಸಂಗಡಿಗರು ತೋರಿಸಿದರು. 2021ರಲ್ಲಿ ಆಂಡ್ರ್ಯೂ ಕಾಮ್ರಿ ಬಿರುಗಾಳಿಗಳ ದಾಖಲೆಯನ್ನು ರೋಗಿಗಳ ಸಂಖ್ಯೆಯೊಂದಿಗೆ ತಾಳೆ ನೋಡಿದಾಗ ಸ್ಥಿರವಾದ ಸಂಬಂಧ ಸಿಗಲಿಲ್ಲ. ಎರಡೂ ನಿಜವಿರಬಹುದು. ಶಿಲೀಂಧ್ರ ಎಲ್ಲ ಮಣ್ಣಿನಲ್ಲೂ ಸಮನಾಗಿಲ್ಲ. ಇಲಿ, ಹೆಗ್ಗಣದಂಥ ಪ್ರಾಣಿಗಳ ಬಿಲಗಳ ಸುತ್ತ, ಉಳುಮೆ ಕಾಣದ ನೆಲದಲ್ಲಿ ತುಣುಕು ತುಣುಕಾಗಿ ನೆಲೆಸಿದೆ. ಬಿರುಗಾಳಿ ಬೀಜಕವಿಲ್ಲದ ನೆಲದಿಂದ ಎಷ್ಟೇ ಧೂಳೆಬ್ಬಿಸಿದರೂ ಈ ರೋಗ ಬಾರದು. ಅತ್ತ, ಹೊಸ ಬಡಾವಣೆಗೆ ಅಗೆದ ಒಂದು ಪಾಯದಿಂದಲೇ ಅಲ್ಲಿನ ಕೂಲಿಯವರು ಹಾಸಿಗೆ ಹಿಡಿಯಬಹುದು. ಮಳೆ, ಆಮೇಲೆ ಒಣಹವೆ, ಆಮೇಲೆ ಕದಡಿದ ನೆಲ ಎಂಬ ಸರಪಣಿಯನ್ನು ಬಿಟ್ಟು ಗಾಳಿಯನ್ನಷ್ಟೇ ಎಣಿಸಿದರೆ ಫಲಿತಾಂಶಗಳು ಹೊಂದದಿರುವುದು ಸಹಜ.

ಕರ್ನಾಟಕದ ಮಣ್ಣಿನಲ್ಲಿ ಈ ಶಿಲೀಂಧ್ರ ಇರುವುದಕ್ಕೆ ಆಧಾರವಿಲ್ಲ. ಆದರೆ ಫೀನಿಕ್ಸ್ ಸುತ್ತಮುತ್ತ ಓದುವ, ದುಡಿಯುವ ಕನ್ನಡಿಗರು ಅನೇಕರಿದ್ದಾರೆ. ಅಲ್ಲಿಂದ ಮರಳಿದವರಲ್ಲಿ ರೋಗ ಪತ್ತೆಯಾದ ಪ್ರಕರಣಗಳು ಭಾರತದಲ್ಲಿ ವರದಿಯಾಗಿವೆ. ಎಕ್ಸ್‌ರೇಯಲ್ಲಿ ಕಾಣುವ ಶ್ವಾಸಕೋಶದ ಗಂಟನ್ನು ನಮ್ಮಲ್ಲಿ ಮೊದಲು ಕ್ಷಯವೆಂದೇ ಬಗೆಯುತ್ತೇವೆ. ಆದ್ದರಿಂದ ವೈದ್ಯರು ಪ್ರಯಾಣದ ವಿವರ ಕೇಳಲೇಬೇಕು. ಕಫವನ್ನು ಕಲ್ಚರ್‌ಗೆ ಕಳಿಸುವಾಗ ತಮ್ಮ ಶಂಕೆಯನ್ನು ಪ್ರಯೋಗಾಲಯಕ್ಕೆ ಮುಂಚಿತವಾಗಿ ಬರೆದು ತಿಳಿಸಬೇಕು. ಏಕೆಂದರೆ ಅಲ್ಲಿ ದುಡಿಯುವವರಿಗೂ ಅಪಾಯವಿದೆ: 1929ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿಯೊಬ್ಬನಿಗೆ ಸೋಂಕು ತಗುಲಿದ್ದು ಮರುಭೂಮಿಯಲ್ಲಲ್ಲ, ಪ್ರಯೋಗಾಲಯದಲ್ಲಿ ಹಳೆಯ ಕಲ್ಚರ್ ತಟ್ಟೆಯ ಮುಚ್ಚಳ ತೆರೆದಾಗ.