ಬೆಂಕಿಪುರದ ಬೆಂಕಿ ಯಾರದು?

ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ ಹರಿಯುವ ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಕೂಡುತ್ತಾಳೆ. ಆ ನೀರೇ ನಮ್ಮ ಆನೆಗೊಂದಿಯ ಬಂಡೆಗಳ ನಡುವೆ ಹಾದು ಹೋಗುತ್ತದೆ. ಇಲ್ಲಿ ಕೂತು ಅಲ್ಲಿನ ಮಾತು ಯಾಕೆ ಆಡ್ತೀರಿ ಅಂತ ಕೇಳುವವರಿಗೆ ಈ ನೀರೊಂದೇ ಸಾಕು. ಆದರೆ ಇನ್ನೊಂದು ಕಾರಣವೂ ಇದೆ.

ಆನೆಗೊಂದಿಗೆ ಬಂದವರು ಅರಸರ ಕತೆ ಕೇಳುತ್ತಾರೆ. ಕಲ್ಲು ಹೊತ್ತವರು ಯಾರು, ಉಳಿ ಕಾಸಿದವರು ಯಾರು, ಕೇಳುವುದಿಲ್ಲ. ಹತ್ತಿರದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಬ್ಬಿಣ ಯುಗದ ಕಲ್ಲುಮನೆಗಳಿವೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ತಮ್ಮ ಸತ್ತವರಿಗಾಗಿ ಕಟ್ಟಿದ್ದು. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಭದ್ರಾವತಿಯ ಕಬ್ಬಿಣದ ಚರಿತ್ರೆ ಬರೀ ನೂರು ವರ್ಷದ್ದು. ಅಲ್ಲಿಯೂ ಬೆಂಕಿಯ ಮುಂದೆ ನಿಂತವರಿಗೆ ಹೆಸರಿಲ್ಲ ಅಂದರೆ ಅದು ಕಾಲ ಮಾಡಿದ್ದಲ್ಲ, ಚರಿತ್ರೆ ಬರೆದವರು ಮಾಡಿದ್ದು.

ಪುಸ್ತಕದ ಚರಿತ್ರೆ ಹೀಗಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ದಿವಾನರು ಎಂ. ವಿಶ್ವೇಶ್ವರಯ್ಯ. 1918ರಲ್ಲಿ ಕಾರ್ಖಾನೆಯ ಕೆಲಸ ಶುರುವಾಯಿತು. ಭದ್ರಾವತಿಗೆ ಹಳೆಯ ಹೆಸರು ಬೆಂಕಿಪುರ. 1923ರಲ್ಲಿ ಆ ಊರಲ್ಲಿ ನಿಜವಾಗಿಯೂ ಬೆಂಕಿ ಹೊತ್ತಿತು, ಕಬ್ಬಿಣ ಹರಿಯಿತು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇರಲಿಲ್ಲ. ಆದ್ದರಿಂದ ಮಲೆನಾಡಿನ ಕಾಡು ಕಡಿದು, ಸೌದೆ ಸುಟ್ಟು, ಇದ್ದಿಲು ಮಾಡಿ ಕುಲುಮೆಗೆ ಸುರಿದರು. ಅದಿರು ಕೆಮ್ಮಣ್ಣುಗುಂಡಿಯದು. ಬೆಟ್ಟದ ಮೇಲಿಂದ ತಣಿಗೆಬೈಲಿನವರೆಗೆ ತಂತಿಯ ಮೇಲೆ ತೊಟ್ಟಿಗಳು ಇಳಿಯುತ್ತಿದ್ದವು.

ತೊಟ್ಟಿ ಇಳಿದದ್ದು ಪುಸ್ತಕದಲ್ಲಿದೆ. ತೊಟ್ಟಿ ತುಂಬಿದವರು ಎಲ್ಲಿ? ಮಳೆಯಲ್ಲಿ ನೆನೆದು ಮರ ಉರುಳಿಸಿದವರು, ಇದ್ದಿಲ ಹೊಗೆಗೆ ಎದೆ ಕೊಟ್ಟವರು ಎಲ್ಲಿ? ಒಡೆಯರ ದೂರದೃಷ್ಟಿ, ದಿವಾನರ ಶಿಸ್ತು ಎರಡೂ ಇರಬಹುದು, ನಾವು ಇಲ್ಲ ಅನ್ನೋದಿಲ್ಲ. ಆದರೆ ದೂರದೃಷ್ಟಿಯಿಂದ ಅದಿರು ಕರಗೋದಿಲ್ಲ.

ಕಾರ್ಖಾನೆಯ ಕೆಲಸ ಶುರುವಾದ 1918ರಲ್ಲೇ ಮಹಾರಾಜರು ನ್ಯಾಯಮೂರ್ತಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿದರು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಹೇಗೆ ಕೊಡಬೇಕು ಎಂಬುದು ಅದರ ಕೆಲಸ. ಯೋಗ್ಯತೆ ಕೆಡುತ್ತದೆ ಎಂದು ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಅದೇ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. 1923ರಲ್ಲಿ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು, ಸೋಲುತ್ತಿದ್ದ ಅದನ್ನು ನಿಲ್ಲಿಸಿದರು. ಎರಡೂ ಚರಿತ್ರೆಯೇ. ಶಾಲೆಯಲ್ಲಿ ನಮಗೆ ಒಂದನ್ನು ಮಾತ್ರ ಪಾಠ ಹೇಳಿದರು.

ಆದರೆ ಕಾರ್ಖಾನೆ ತನ್ನನ್ನು ಕಟ್ಟಿದವರ ಮಾತನ್ನೂ ಮೀರಿ ಬೆಳೆಯಿತು. 1962ರಲ್ಲಿ ಅದು ಸರ್ಕಾರದ ಕಂಪನಿಯಾಯಿತು. 1970ರ ದಶಕದಲ್ಲಿ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರಿಟ್ಟರು. ಸರ್ಕಾರಿ ಉದ್ದಿಮೆಗಳಿಗೂ ಮೀಸಲಾತಿ ಬಂತು. ಮೀಸಲಾತಿ ಬೇಡವೆಂದವರ ಹೆಸರು ಹೊತ್ತ ಗೇಟಿನೊಳಗೆ ಕೇರಿಯ ಮಕ್ಕಳು ನೇಮಕಾತಿ ಪತ್ರ ಹಿಡಿದು ಹೋಗುವ ಕಾಲ ಬಂತು. ಕಂಪನಿಯ ಕ್ವಾರ್ಟರ್ಸಿಗೆ ಮೇಲಿನ ಕೇರಿ, ಕೆಳಗಿನ ಕೇರಿ ಅನ್ನೋ ಲೆಕ್ಕ ಇಲ್ಲ, ನಂಬರು ಮಾತ್ರ. ತಿಂಗಳ ಸಂಬಳಕ್ಕೆ ಗೌಡರ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕಾಗಿಲ್ಲ.

ಅದೇ ಊರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ಗೆಳೆಯರ ಜೊತೆ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಅದು ಕಾರ್ಮಿಕ ಸಂಘ ಇದ್ದ ಊರು, ಸಂಬಳದ ದಿನ ಇದ್ದ ಊರು. ಬೆಳಗಾದರೆ ಧಣಿಯ ಹೊಲಕ್ಕೇ ಹೋಗಬೇಕಾದ ಊರಿನಲ್ಲಿ ಅಂಥ ಮಾತು ಅಷ್ಟು ಬೇಗ ಗಟ್ಟಿಯಾಗುತ್ತಿರಲಿಲ್ಲ ಎಂದು ನಮಗೆ ಅನ್ನಿಸುತ್ತದೆ.

ಆಮೇಲೆ ಕಾರ್ಖಾನೆ ಕೈ ಬದಲಿಸಿತು. 1989ರಲ್ಲಿ ಅದು ಕೇಂದ್ರದ ಉಕ್ಕು ಪ್ರಾಧಿಕಾರದ, ಅಂದರೆ ಸೈಲ್‌ನ, ಕೈಕೆಳಗೆ ಹೋಯಿತು. 1998ರಲ್ಲಿ ಅದರೊಳಗೇ ವಿಲೀನವಾಯಿತು. ಹಳೆಯ ಯಂತ್ರಗಳು ಹಳೆಯವಾಗೇ ಉಳಿದವು. ಕೆಮ್ಮಣ್ಣುಗುಂಡಿಯ ಗಣಿ ನಿಂತಿತು. ಸ್ವಂತ ಅದಿರಿಲ್ಲದ ಕಾರ್ಖಾನೆ ಅಂದರೆ ಸ್ವಂತ ಹೊಲವಿಲ್ಲದ ರೈತನ ಹಾಗೆ, ದುಡಿದದ್ದೆಲ್ಲ ಕೊಳ್ಳೋದಕ್ಕೇ ಹೋಗುತ್ತದೆ. ಅದೇ ಹೊತ್ತಿನಲ್ಲಿ ನಮ್ಮ ಹೊಳೆಯಾಚೆಯ ಸಂಡೂರು, ಹೊಸಪೇಟೆಯ ಗುಡ್ಡಗಳು ಲಾರಿ ಹತ್ತಿ, ಹಡಗು ಹತ್ತಿ ಚೀನಾಕ್ಕೆ ಹೋದವು. 2011ರಲ್ಲಿ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಹೊತ್ತಿಗೆ ಗುಡ್ಡ ಕರಗಿತ್ತು. ಚೀನಾಕ್ಕೆ ಸಿಕ್ಕ ಅದಿರು ಭದ್ರಾವತಿಗೆ ಸಿಗಲಿಲ್ಲ.

2016ರಲ್ಲಿ ಕೇಂದ್ರ ಸರ್ಕಾರ ಭದ್ರಾವತಿಯನ್ನು ಸೇಲಂ, ದುರ್ಗಾಪುರಗಳ ಜೊತೆ ಮಾರಾಟದ ಪಟ್ಟಿಗೆ ಸೇರಿಸಿತು. 2019ರಲ್ಲಿ ಕೊಳ್ಳುವವರನ್ನು ಕರೆದರು. ವ್ಯಾಪಾರ ಕುದುರಲಿಲ್ಲ. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನವಾಯಿತು. ಆಗ ಒಳಗೆ ಇದ್ದವರ ಲೆಕ್ಕ ನೋಡಿ: ಖಾಯಂ ನೌಕರರು ಕೆಲವು ನೂರು ಮಾತ್ರ, ಗುತ್ತಿಗೆ ಕಾರ್ಮಿಕರು ಸಾವಿರಕ್ಕೂ ಹೆಚ್ಚು. ಬಾಗಿಲು ಮುಚ್ಚುವ ಮೊದಲೇ ನಮಗೆ ಬಾಗಿಲು ಮುಚ್ಚಿತ್ತು. ಗುತ್ತಿಗೆದಾರನ ಪಟ್ಟಿಯಲ್ಲಿ ಮೀಸಲಾತಿಯ ರೋಸ್ಟರ್ ಇರುವುದಿಲ್ಲ. ಆ ಗುತ್ತಿಗೆಯವರೇ ಬಿಸಿಲಲ್ಲಿ ಕೂತು ಧರಣಿ ಮಾಡಿದರು. ಊರು ಅವರ ಜೊತೆ ನಿಂತಿತು. 2023ರ ಆಗಸ್ಟಿನಲ್ಲಿ ಸೈಲ್‌ನ ಬೇರೆ ಕಾರ್ಖಾನೆಯಿಂದ ಉಕ್ಕಿನ ದಿಮ್ಮಿ ತರಿಸಿ ಸರಳು ಎಳೆಯುವ ಮಿಲ್ಲನ್ನಷ್ಟೇ ಮತ್ತೆ ಓಡಿಸಿದರು. 2024ರ ಜೂನ್‌ನಲ್ಲಿ ಕೇಂದ್ರದ ಉಕ್ಕು ಮಂತ್ರಿಯಾದ ಎಚ್.ಡಿ. ಕುಮಾರಸ್ವಾಮಿಯವರು ಅದೇ ತಿಂಗಳು ಬಂದು ನೋಡಿ, ಪುನಶ್ಚೇತನದ ಭರವಸೆ ಕೊಟ್ಟರು.

ಪುನಶ್ಚೇತನ ದೊಡ್ಡ ಮಾತು. ಇನ್ನೊಂದು ಕಡೆಯಿಂದ ತಂದ ದಿಮ್ಮಿಯನ್ನು ಎಳೆದರೆ ಮಿಲ್ಲು ಓಡುತ್ತದೆ, ಕಾರ್ಖಾನೆ ಬದುಕುವುದಿಲ್ಲ. ಅದಕ್ಕೆ ಸ್ವಂತ ಗಣಿ ಬೇಕು, ಹೊಸ ಕುಲುಮೆ ಬೇಕು, ಸಾವಿರಾರು ಕೋಟಿ ಬಂಡವಾಳ ಬೇಕು. ಲಕ್ಷಗಟ್ಟಲೆ ಟನ್ನಿನ ಪೈಪೋಟಿಗೆ ಬೀಳದೆ ರೈಲು, ರಕ್ಷಣೆಗೆ ಬೇಕಾದ ವಿಶೇಷ ಉಕ್ಕನ್ನೇ ಮಾಡಬೇಕು. ಅದು ಭದ್ರಾವತಿಯ ಕೈಗೆ ಪಳಗಿದ ಕೆಲಸ. ಭೂಮಿ ಇದೆ, ನೀರಿದೆ, ರೈಲು ಹಳಿ ಇದೆ. ಅವಕ್ಕೆಲ್ಲ ಜನ ಒಮ್ಮೆ ಬೆಲೆ ತೆತ್ತಾಗಿದೆ.

ಇಷ್ಟೆಲ್ಲ ಇದ್ದೂ ಸಂಶಯ ಯಾಕೆ? ನಮ್ಮ ಸೀಮೆ ಒಂದು ಪಾಠ ಕಲಿತಿದೆ. 1971ರಲ್ಲಿ ಇಂದಿರಾ ಗಾಂಧಿಯವರು ತೋರಣಗಲ್ಲಿನಲ್ಲಿ ಸರ್ಕಾರಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಸರ್ಕಾರದ ಕಾರ್ಖಾನೆ ಏಳಲಿಲ್ಲ. 1990ರ ದಶಕದಲ್ಲಿ ಅಲ್ಲಿ ಎದ್ದದ್ದು ಜಿಂದಾಲರದು. ಇವತ್ತು ಅಲ್ಲಿ ವರ್ಷಕ್ಕೆ 1 ಕೋಟಿ ಟನ್ನಿಗೂ ಮೀರಿ ಉಕ್ಕು ಆಗುತ್ತದೆ. ಉಕ್ಕು ಬಂತು, ಮೀಸಲಾತಿ ಬರಲಿಲ್ಲ. ಗಿಣಿಗೇರಿಯ ಕಡೆ ಕಾರ್ಖಾನೆಗಳ ಬೂದಿ ಬೆಳೆಯ ಮೇಲೆ ಕೂರುತ್ತದೆ. 2025ರ ಫೆಬ್ರವರಿ 24ರಂದು ಕೊಪ್ಪಳದ ಜನ ಊರಿಗೆ ಅಂಟಿಕೊಂಡೇ ಬರಲಿದ್ದ ಮತ್ತೊಂದು ಭಾರಿ ಉಕ್ಕಿನ ಕಾರ್ಖಾನೆ ಬ್ಯಾಡ ಅಂತ ಬಂದ್ ಮಾಡಿದರು.

ಭದ್ರಾವತಿಯವರು ಬೇಕು ಅಂತಾರೆ, ಕೊಪ್ಪಳದವರು ಬ್ಯಾಡ ಅಂತಾರೆ. ಇದು ಜಗಳ ಅಲ್ಲ. ನಮ್ಮನ್ನು ಕೇಳದೆ ಕಟ್ಟಬೇಡಿ, ನಮ್ಮನ್ನು ಕೇಳದೆ ಮುಚ್ಚಬೇಡಿ: ಎರಡೂ ಕಡೆಯವರದು ಒಂದೇ ಮಾತು. ಆರಿದ ಕುಲುಮೆಯನ್ನು ಅಲ್ಲಿ ಬಿಟ್ಟು, ಬೆಳೆಯುವ ಹೊಲವನ್ನು ಇಲ್ಲಿ ಸುಡುವುದು ಯಾವ ಅರ್ಥಶಾಸ್ತ್ರ?

ನಾವು ನಮ್ಮ ಮನೆಗಳಲ್ಲಿ ಮೊದಲು ಡಿಗ್ರಿ ಕಂಡವರು. ನಮ್ಮ ಸರ್ಟಿಫಿಕೇಟಿಗೆ ಬೆಲೆ ಇರುವುದು ಸರ್ಕಾರದ ಗೇಟಿನಲ್ಲಿ. ಒಂದೊಂದು ಗೇಟು ಮುಚ್ಚಿದಾಗಲೂ ಸಂವಿಧಾನದ ಒಂದು ಪುಟ ಸದ್ದಿಲ್ಲದೆ ಮಡಚಿಕೊಳ್ಳುತ್ತದೆ. ಆದ್ದರಿಂದ ಭದ್ರಾವತಿ ಮತ್ತೆ ಉರಿಯಲಿ ಎನ್ನುವವರನ್ನು ನಾವು ಮೂರು ಪ್ರಶ್ನೆ ಕೇಳುತ್ತೇವೆ. ಅದು ಸರ್ಕಾರದ್ದಾಗೇ ಉಳಿಯುತ್ತದೆಯೇ? ಕೆಲಸ ಖಾಯಮ್ಮೋ, ಗುತ್ತಿಗೆಯೋ? ಧರಣಿ ಕೂತವರ ಹೆಸರು ಹಾಜರಿ ಪುಸ್ತಕದಲ್ಲಿ ಬರುತ್ತದೆಯೇ? ಉತ್ತರ ಬರಲಿ, ಆಮೇಲೆ ಬೆಂಕಿ ಹಚ್ಚೋಣ.