ಇನ್ನೇನು… ಅನ್ನುವಷ್ಟರಲ್ಲಿ

ಚನ್ನಪಟ್ಟಣದ ಒಂದು ಮನೆಯಲ್ಲಿ ಗೊಂಬೆ ಕೆಲಸ ನೋಡುತ್ತ ಕೂತಿದ್ದೆ. ಲೇತಿನಲ್ಲಿ ಹಾಲೆ ಮರದ ತುಂಡು ಗಿರ್ರನೆ ತಿರುಗುತ್ತಿತ್ತು. ಉಳಿ ಗಂಟಿಗೆ ಕಚ್ಚಿದ್ದೇ ತಡ, ಚೂರೊಂದು ಸಿಡಿದು ಹಿರಿಯರ ಕಿವಿ ಸವರಿಕೊಂಡು ಗೋಡೆಗೆ ಬಡಿಯಿತು. ಅವರು ಲೇತ್ ನಿಲ್ಲಿಸಿ ಕಿವಿ ಮುಟ್ಟಿಕೊಂಡರು. "ಇನ್ನೇನು ಕಣ್ಣಿಗೇ ಬಂತು ಅಂದ್ಕೊಂಡೆ ಸಾರ್. ಸದ್ಯ!"

ಆ "ಬಂತು" ನೋಡಿ. ಬರಲೇ ಇಲ್ಲ, ಆದರೂ ಬಂದೇಬಿಟ್ಟಂತೆ ಭೂತಕಾಲ. ಅದು "ಇನ್ನೇನು" ಮಾಡುವ ಕೆಲಸ. "ಇನ್ನೇನು ಸಮಾಚಾರ?" ಎನ್ನುವಾಗ ಸಾದಾ ಸೀದಾ ಇರುವ ಪದ, ಅಪಾಯದ ಪಕ್ಕಕ್ಕೆ ಬಂದೊಡನೆ "ಆಗುವುದಕ್ಕೆ ಬಾಕಿ ಏನಿತ್ತು?" ಎಂದು ಎದೆ ನಡುಗಿಸುತ್ತದೆ. "ಸ್ವಲ್ಪದರಲ್ಲಿ ತಪ್ಪಿತು" ಎಂಬುದರಲ್ಲಿ ನೆಮ್ಮದಿಯಿದೆ. "ಇನ್ನೇನು" ಎಂಬುದರಲ್ಲಿ ಆ ಗಳಿಗೆಯೇ ಇದೆ.

ಜಪಾನಿಯರದು ಇನ್ನೊಂದು ದಾರಿ. ಬೀಳುವುದರಲ್ಲಿದ್ದೆ ಎನ್ನಲು ಅವರು ಬಳಸುವ "ತೊಕೊರೊ ದಾತ್ತಾ"ದಲ್ಲಿ "ತೊಕೊರೊ" ಎಂದರೆ ಜಾಗ. ನಮ್ಮ ಹಳ್ಳಿಯ ಮಾತಿನಲ್ಲಿ, ತಾವು. ನಮ್ಮ ಕೂದಲೆಳೆಯೂ ಅವರಲ್ಲಿದೆ: "ಕಾನ್‌ಇಪ್ಪಾತ್ಸು", ಒಂದು ಕೂದಲಿನಷ್ಟು ಎಡೆ.

ರಾಮನಗರದ ಪಕ್ಕದ ಬಿಡದಿಯಲ್ಲಿ 1999ರಿಂದ ಟೊಯೋಟಾ ಕಾರುಗಳು ತಯಾರಾಗುತ್ತಿವೆ. ಜಪಾನ್ ನಮಗೆ ಅಷ್ಟೇನೂ ದೂರವಿಲ್ಲ. ಆ ದೇಶದ ಕಾರ್ಖಾನೆಗಳಲ್ಲಿ "ಹಿಯಾರಿ ಹಾತ್ತೊ" ಎಂಬ ಮಾತಿದೆ. ಹಿಯಾರಿ ಎಂದರೆ ಮೈ ತಣ್ಣಗಾಗುವುದು, ಹಾತ್ತೊ ಎಂದರೆ ಬೆಚ್ಚಿಬೀಳುವುದು. ಕೂದಲೆಳೆಯಲ್ಲಿ ತಪ್ಪಿದ್ದನ್ನು ಕೆಲಸಗಾರರು ಬರೆದಿಡುತ್ತಾರೆ, ಉಳಿದವರು ಓದುತ್ತಾರೆ. ಒಂದು ದೊಡ್ಡ ಗಾಯದ ಹಿಂದೆ 29 ಸಣ್ಣ ಗಾಯ, ಗಾಯವೇ ಆಗದ 300 ಅವಘಡಗಳಿರುತ್ತವೆ ಎಂದು ಅಮೆರಿಕದ ಹೈನ್ರಿಚ್ 1931ರಲ್ಲಿ ಲೆಕ್ಕ ಹಾಕಿದ್ದ. ಆ ಅಂಕಿಗಳ ಬಗ್ಗೆ ತಕರಾರುಗಳಿವೆ. ತಪ್ಪಿದ್ದನ್ನೂ ನೆನಪಿಡಬೇಕೆಂಬ ವಿವೇಕದ ಬಗ್ಗೆ ಇಲ್ಲ.

ನಾವು "ಸದ್ಯ" ಎಂದು ದೇವರಿಗೆ ಕೈಮುಗಿದು ಮರೆತುಬಿಡುತ್ತೇವೆ. ಆದರೆ ನಮ್ಮ ಹಿರಿಯರು ಮರೆಯಲಿಲ್ಲ. ಕನಕಪುರದಾಚೆ, ಕಾವೇರಿ ಬಂಡೆಗಳ ನಡುವೆ ಇರುಕಿಕೊಂಡು ಹರಿಯುವ ಕಡೆ, ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆಯೊಂದು ಕಮರಿ ಹಾರಿ ಉಳಿಯಿತಂತೆ. ಆ "ಇನ್ನೇನು" ಊರ ಬಾಯಲ್ಲಿ ಉಳಿದು ಮೇಕೆದಾಟು ಎಂಬ ಹೆಸರಾಗಿದೆ. ಅದೂ ಒಂದು ತೊಕೊರೊ, ತಪ್ಪಿಸಿಕೊಂಡ ತಾವು.

ಲೇತಿನ ಹಿರಿಯರು "ಸದ್ಯ"ಕ್ಕೇ ನಿಲ್ಲಿಸಲಿಲ್ಲ. ಕೆಲಸ ಕಲಿಯುತ್ತಿದ್ದ ಹುಡುಗನನ್ನು ಕರೆದು, ಗೋಡೆಯ ಬುಡದಿಂದ ಆ ಚೂರನ್ನು ತರಿಸಿ, ಅವನ ಅಂಗೈಯಲ್ಲಿಟ್ಟರು. "ಈ ಗಂಟು ನೋಡ್ಕೊ ಮಗ. ಇಂಥ ಮರ ಬಂದ್ರೆ ಮುಖ ಈ ಕಡೆ ಇಟ್ಕೊ."