ಜೇಬಿನಿಂದ ಅಂತರಿಕ್ಷಕ್ಕೆ: ಎಚ್‌ಪಿ-65 ಕತೆ

ಇವತ್ತು ಒಂದು ಕ್ಯಾಲ್ಕುಲೇಟರ್ ಕತೆ ಹೇಳ್ತೀನಿ. ಫೋನಲ್ಲೇ ಇದೆಯಲ್ಲ, ಅದರದ್ದೇನು ಕತೆ ಅಂತೀರಾ? ಬನ್ನಿ, 1974ಕ್ಕೆ ಹೋಗೋಣ.

ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ಆ ವರ್ಷ ಎಚ್‌ಪಿ-65 ಅನ್ನೋ ಕ್ಯಾಲ್ಕುಲೇಟರ್ ಬಿಟ್ಟಿತು. ಬೆಲೆ 795 ಡಾಲರ್! ಸೈನ್, ಲಾಗರಿದಮ್ ಎಲ್ಲ ಮಾಡುವ ಎಚ್‌ಪಿ-35 ಎರಡು ವರ್ಷದ ಹಿಂದೆಯೇ, 395 ಡಾಲರಿಗೆ ಬಂದಿತ್ತು. ಹಾಗಾದ್ರೆ ಇದಕ್ಕೆ ಡಬಲ್ ದುಡ್ಡು ಯಾಕೆ?

ಯಾಕಂದ್ರೆ ಇದಕ್ಕೆ ಕೆಲಸ ಕಲಿಸಬಹುದಿತ್ತು. ಸರ್ವೆ ಮಾಡುವವರು ಒಂದೇ ಸೂತ್ರವನ್ನು ದಿನಕ್ಕೆ ಐವತ್ತು ಸಲ ಬಳಸುತ್ತಾರೆ ಅಂದುಕೊಳ್ಳಿ. ಹಳೆಯದರಲ್ಲಿ ಐವತ್ತು ಸಲವೂ ಎಲ್ಲ ಕೀ ಒತ್ತಬೇಕು. ಇದರಲ್ಲಿ 100 ಹೆಜ್ಜೆಗಳವರೆಗೆ ಒಂದು ಪ್ರೋಗ್ರಾಂ ಬರೆದಿಟ್ಟರೆ, ಆಮೇಲೆ ಅಂಕಿ ಕೊಟ್ಟು ಒಂದು ಕೀ ಒತ್ತಿದರೆ ಸಾಕು. 'ಇದು ಅದಕ್ಕಿಂತ ದೊಡ್ಡದಾದರೆ ಆ ಕಡೆ ಹೋಗು' ಅಂತ ತೀರ್ಮಾನ ಮಾಡೋದಕ್ಕೂ ಬರುತ್ತಿತ್ತು. ಅಂದ್ರೆ ಲೆಕ್ಕದ ಯಂತ್ರ ಅಂತ ಕರೆದರೂ ಒಳಗೆ ಪುಟ್ಟ ಕಂಪ್ಯೂಟರೇ.

ತೊಂದರೆ ಒಂದಿತ್ತು. ಸ್ವಿಚ್ ಆಫ್ ಮಾಡಿದರೆ ಎಲ್ಲ ಮರೆತುಹೋಗುತ್ತಿತ್ತು. ಅದಕ್ಕೇ ಮ್ಯಾಗ್ನೆಟಿಕ್ ಕಾರ್ಡ್. ಚೂಯಿಂಗ್ ಗಮ್ ಪಟ್ಟಿಯಷ್ಟು ಚಿಕ್ಕದು. ಬದಿಯ ಸಂದಿಗೆ ಇಟ್ಟರೆ ಒಳಗಿನ ಮೋಟಾರ್ ಎಳೆದುಕೊಂಡು ಪ್ರೋಗ್ರಾಂ ಓದುತ್ತದೆ, ಬೇಕಾದರೆ ಬರೆಯುತ್ತದೆ. ಬರೆದದ್ದು ಅಳಿಸಿಹೋಗಬಾರದು ಅಂದ್ರೆ ಕಾರ್ಡಿನ ಮೂಲೆ ಕತ್ತರಿಸಿಬಿಡಬೇಕು. ನನಗೆ ತುಂಬ ಇಷ್ಟವಾದ ಉಪಾಯ ಇದು. ಪಾಸ್‌ವರ್ಡ್ ಇಲ್ಲ, ಏನಿಲ್ಲ, ಒಂದು ಕತ್ತರಿ ಇದ್ದರಾಯ್ತು.

ಇದರಲ್ಲಿ ಲೆಕ್ಕ ಮಾಡೋ ರೀತಿಯೂ ಬೇರೆ. ಮೂರಕ್ಕೆ ನಾಲ್ಕು ಕೂಡಿಸಬೇಕಾದ್ರೆ 3, ಎಂಟರ್, 4, ಆಮೇಲೆ ಪ್ಲಸ್. ಬ್ರ್ಯಾಕೆಟ್ಟೂ ಬೇಡ, ಕೊನೆಗೆ 'ಇಸೀಕ್ವಲ್ ಟು' ಒತ್ತೋದೂ ಬೇಡ. ಮೊದಲು ತಲೆ ತಿರುಗುತ್ತೆ, ನಿಜ. ಅಭ್ಯಾಸ ಆದವರು ಬೇರೆ ಕ್ಯಾಲ್ಕುಲೇಟರ್ ಮುಟ್ಟಲ್ಲ.

ಈಗ 1975ರ ಜುಲೈ. ಅಮೆರಿಕದ ಅಪೊಲೊ, ಸೋವಿಯತ್ ದೇಶದ ಸೊಯುಜ್, ಎರಡೂ ನೌಕೆಗಳು ಭೂಮಿಯ ಸುತ್ತ ಕಕ್ಷೆಯಲ್ಲಿ ಒಂದಕ್ಕೊಂದು ಜೋಡಿಕೊಳ್ಳಬೇಕು. ಶೀತಲ ಸಮರದ ಎರಡು ಕಡೆಯವರು ಅಲ್ಲಿ ಕೈಕುಲುಕಬೇಕು. ಅಪೊಲೊ ದಿಕ್ಕು ಸರಿಮಾಡುವ ಲೆಕ್ಕಕ್ಕೆ ನೌಕೆಯದ್ದೇ ಕಂಪ್ಯೂಟರ್ ಇತ್ತು. ಆದರೆ ಕೊನೆಯ ಹಂತದ ತಿದ್ದುಪಡಿಗಳ ಹೊತ್ತಿಗೆ ಭೂಮಿಯ ನಿಲ್ದಾಣಗಳ ಸಂಪರ್ಕ ಇರುತ್ತಿರಲಿಲ್ಲ. ಆಗಲೇ ಕಂಪ್ಯೂಟರ್ ಕೈಕೊಟ್ಟರೆ? ಕೇಳೋಕೆ ಯಾರೂ ಇಲ್ಲ. ಅದಕ್ಕೇ ಗಗನಯಾತ್ರಿಗಳ ಜೊತೆ ಎಚ್‌ಪಿ-65 ಹೋಯಿತು. ನಾಸಾದವರು ಬರೆದ ಸುಮಾರು 1000 ಹೆಜ್ಜೆಗಳ ಪ್ರೋಗ್ರಾಂಗಳು ಕಾರ್ಡುಗಳಲ್ಲಿದ್ದವು. ಯಂತ್ರಕ್ಕೆ ಹಿಡಿಸೋದು ನೂರೇ ಅಲ್ವಾ? ಒಂದೊಂದೇ ಕಾರ್ಡ್ ತೂರಿಸಬೇಕು. ನೌಕೆಯ ಕಂಪ್ಯೂಟರ್ ಕೈಕೊಡಲಿಲ್ಲ. ಜುಲೈ 17ರಂದು ನೌಕೆಗಳು ಜೋಡಿಕೊಂಡವು. ಪ್ರೋಗ್ರಾಂ ಮಾಡಬಲ್ಲ ಕೈ ಕ್ಯಾಲ್ಕುಲೇಟರ್ ಅಂತರಿಕ್ಷಕ್ಕೆ ಹೋಗಿದ್ದು ಅದೇ ಮೊದಲು.

ಇವತ್ತು ಹಳೆಯ ಎಚ್‌ಪಿ-65 ಯಾರಿಗಾದರೂ ಸಿಕ್ಕರೆ, ಲೆಕ್ಕವೇನೋ ಮಾಡಬಹುದು. ಕಾರ್ಡ್ ಮಾತ್ರ ಓದಲ್ಲ. ಕಾರ್ಡ್ ಎಳೆಯುವ ರಬ್ಬರ್ ಗಾಲಿ ಕಾಲ ಕಳೆದಂತೆ ಕರಗಿ ಅಂಟಂಟಾಗಿಬಿಡುತ್ತೆ. ಸಂಗ್ರಹಕಾರರು ಅದನ್ನು ಬಿಚ್ಚಿ, ಅಂಟು ಕೆರೆದು, ಹೊಸ ರಬ್ಬರ್ ಕೂರಿಸಿ, ಹಳೆಯ ಕಾರ್ಡ್ ಒಂದನ್ನು ಮೆಲ್ಲಗೆ ಸಂದಿಗಿಟ್ಟು ನೋಡುತ್ತಾರೆ.